ತಂಗಿಯ ಕಿಡ್ನಿ, ಅಕ್ಕನ ಬೆನ್ನು

ಕಡಲ ದಂಡೆಯ ನಮ್ಮ ಫಿಗೇರಾ ಊರಿನ ಅಗ್ನಿಶಾಮಕ ದಳದವರು ಬೆಂಕಿ ಆರಿಸಿದ್ದಕ್ಕಿಂತ ರೋಗಿಗಳನ್ನು ಸಾಗಿಸಿದ್ದೇ ಹೆಚ್ಚು. ನಾನು ಅಲ್ಲಿ ಇಪ್ಪತ್ತೊಂಬತ್ತು ವರ್ಷ ವ್ಯಾನ್ ಓಡಿಸಿದೆ. ಅಷ್ಟು ವರ್ಷಗಳಲ್ಲಿ ಹತ್ತಿರದಿಂದ ಬೆಂಕಿ ಕಂಡದ್ದು ಬೆರಳೆಣಿಕೆಯಷ್ಟು ಸಲ. ಬೆಳಿಗ್ಗೆ ಜನರನ್ನು ಹತ್ತಿಸಿಕೊಂಡು, ಮೊಂದೇಗು ಹೊಳೆಯ ಪಕ್ಕದ ಭತ್ತದ ಬಯಲು ದಾಟಿ, ಕೊಯಿಂಬ್ರಾದ ಆಸ್ಪತ್ರೆಯಲ್ಲಿ ಇಳಿಸಿ, ಮಧ್ಯಾಹ್ನ ವಾಪಸ್ಸು ಕರೆತರುವುದು ನನ್ನ ಕೆಲಸವಾಗಿತ್ತು. ಆ ಬಯಲಿನ ಮೇಲೆ ವರ್ಷದ ಅರ್ಧ ಭಾಗ ಮಂಜು ಮಲಗಿರುತ್ತದೆ. ವ್ಯಾನಿನಲ್ಲಿ ಕೂತವರು ಮೊದಲು ಮಾತಾಡುತ್ತಾರೆ, ಆಮೇಲೆ ಮಂಜು ನೋಡುತ್ತಾರೆ, ಆಮೇಲೆ ನಿದ್ದೆ ಹೋಗುತ್ತಾರೆ.

ನಿದ್ದೆ ಹೋಗದಿದ್ದವರು ಜುಲ್ಮೀರಾ ಕರಿಸು ಒಬ್ಬರೇ.

ಅವರು ಹೊಳೆಯಾಚೆಯ ಲಾವುಸ್‌ನವರು. ಉಪ್ಪಿನ ಆಗರದ ಹೆಣ್ಣುಮಗಳು. ಹನ್ನೊಂದನೆಯ ವಯಸ್ಸಿಗೇ ತಲೆಯ ಮೇಲೆ ಸಿಂಬೆ ಇಟ್ಟು, ಒದ್ದೆ ಉಪ್ಪಿನ ಬುಟ್ಟಿ ಹೊತ್ತು, ಬರಿಗಾಲಲ್ಲಿ ಕಿರಿದಾದ ಬದುವಿನ ಮೇಲೆ ಓಡಿದವರು. ಆಗ ಹೆಂಗಸರೆಲ್ಲ ಸಾಲಾಗಿ ಹೀಗೇ ಓಡುತ್ತಿದ್ದರು, ನಿಂತರೆ ಹಿಂದಿನವಳು ಬಂದು ಡಿಕ್ಕಿ ಹೊಡೆಯುತ್ತಿದ್ದಳು. ಅಪ್ಪ ಸತ್ತ ಮೇಲೆ ಆಗರದ ಒಡೆತನ ಅವರಿಗೇ ಬಂತು. ಗಂಡ ಕಾಡ್ ಮೀನು ಹಿಡಿಯಲು ದೂರದ ಕಡಲಿಗೆ ಹೋಗಿ ಬಂದು, ಕಡೆಗೆ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡ. ಮಕ್ಕಳಿರಲಿಲ್ಲ. ಗೋರುಮಣೆ ಹಿಡಿದು ಉಪ್ಪು ಎಳೆಯುವ ಗಂಡಸಿನ ಕೆಲಸವನ್ನು ನಮ್ಮ ಕಡೆ ಮಾಡಿದ ಹೆಂಗಸು ಅವರೊಬ್ಬರೇ ಇರಬೇಕು. ನೀಳವಾದ ಮೈ, ನೆಟ್ಟಗಿನ ಕುತ್ತಿಗೆ. ಬುಟ್ಟಿ ಇಲ್ಲದಾಗಲೂ ಬುಟ್ಟಿ ಇರುವಂತೆಯೇ ನಡೆಯುತ್ತಿದ್ದರು.

ಅವರ ತಂಗಿ ಇದಲೀನಾ ನನ್ನ ಜೊತೆ ಶಾಲೆಯಲ್ಲಿ ಓದಿದವಳು. ಬುವಾರ್ಕುಸ್ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾಳೆ. ಅವಳ ಬಾಯಿಗೆ ಹೆದರಿ ಕಡಲಹಕ್ಕಿಗಳೂ ಅವಳ ಮೇಜಿನ ಹತ್ತಿರ ಇಳಿಯುವುದಿಲ್ಲ ಎಂದು ಊರಲ್ಲಿ ತಮಾಷೆ ಮಾಡುತ್ತಾರೆ.

ಐವತ್ತೈದರ ಹೊತ್ತಿಗೆ ಜುಲ್ಮೀರಾ ಅವರ ಎರಡೂ ಕಿಡ್ನಿಗಳು ಸೋತವು. ಮೂರು ವರ್ಷ ನಾನೇ ಅವರನ್ನು ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರಕ್ಕೆ ಕರೆದೊಯ್ದೆ. ಆಮೇಲೆ ಒಂದು ದಿನ ಇದಲೀನಾ ಮೀನಿನ ಏಪ್ರನ್ನಿನಲ್ಲೇ ಆಸ್ಪತ್ರೆಗೆ ಹೋಗಿ, "ನಂದು ಹೊಂದುತ್ತಾ ನೋಡಿ, ಹೊಂದಿದ್ರೆ ತಗೊಳ್ಳಿ, ಸೋಮವಾರದೊಳಗೆ ಹೇಳಿ," ಎಂದಳಂತೆ. ಹೊಂದಿತು. ತಂಗಿಯ ಒಂದು ಕಿಡ್ನಿ ಅಕ್ಕನ ಹೊಟ್ಟೆ ಸೇರಿತು.

ಅಲ್ಲಿಂದ ಮುಂದೆ ಇದಲೀನಾ ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದಳು. ಅಕ್ಕ ಹೇಗಿದ್ದೀಯಾ ಎಂದು ಒಂದು ದಿನವೂ ಕೇಳಿದವಳಲ್ಲ.

"ನನ್ನ ಕಿಡ್ನಿ ಹೇಗಿದೆಯೇ?"

"ನಿನ್ನ ಹಾಗೇ. ಒಂದು ನಿಮಿಷ ಸುಮ್ಮನಿರಲ್ಲ, ಗಲಾಟೆ."

ಇಷ್ಟೇ. ಫೋನ್ ಇಡುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಜುಲ್ಮೀರಾ ಮತ್ತೆ ಆಗರಕ್ಕೆ ಇಳಿದರು.

ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಬೆನ್ನುನೋವು ಶುರುವಾಯಿತು. ಬೆನ್ನು ನೋಯದ ಆಗರದವರು ಯಾರಿದ್ದಾರೆ? ಊರಿನ ವೈದ್ಯರೂ, ಅಕ್ಕಪಕ್ಕದವರೂ, ಸ್ವತಃ ಜುಲ್ಮೀರಾ ಅವರೂ ಅದನ್ನು ಹಳೆಯ ಬುಟ್ಟಿಗಳ ನೋವು ಎಂದೇ ತಿಳಿದರು. ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾವು ಕೊಟ್ಟುಕೊಂಡರು. ಜ್ವರವಿರಲಿಲ್ಲ. ಆದರೆ ಬೇಸಿಗೆಯ ಹೊತ್ತಿಗೆ ನೋವು ಮಲಗಿದಾಗಲೂ ಬಿಡದಾಯಿತು. ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡತೊಡಗಿದರು. ಜುಲೈ ತಿಂಗಳ ಒಂದು ಬೆಳಿಗ್ಗೆ ಬದುವಿನ ಮೇಲೆ ನಡೆಯುತ್ತಿದ್ದಾಗ ಬಲಗಾಲು ತಮ್ಮದಲ್ಲವೇನೋ ಎಂಬಂತೆ ಮಡಚಿಕೊಂಡು, ಮೊಣಕಾಲುದ್ದದ ಉಪ್ಪುನೀರಿಗೆ ಬಿದ್ದರು. ನನ್ನನ್ನು ಕರೆಸಿದರು. ನಾನು ಹೋದಾಗ ಬದುವಿನ ಮೇಲೆ ಮಲಗಿ ಆಕಾಶ ನೋಡುತ್ತಿದ್ದರು. ಕೂದಲಲ್ಲಿ ಉಪ್ಪು ಒಣಗಿ ಮಿನುಗುತ್ತಿತ್ತು.

"ನಿಧಾನ ಎತ್ತು ಅಬೀಲಿಯು," ಎಂದರು. "ಒಳಗೆ ಏನೋ ಮುರಿದ ಮಡಕೆ ಹಾಗೆ ಆಡ್ತಿದೆ."

ಕೊಯಿಂಬ್ರಾದಲ್ಲಿ ಅವರ ಬೆನ್ನನ್ನು ದೊಡ್ಡ ಯಂತ್ರದೊಳಗೆ ತೂರಿಸಿ ನೋಡಿದರು. ಬೆನ್ನುಮೂಳೆಯಲ್ಲಿ ಸೊಂಟದ ಮೇಲಿನ ಎರಡು ಮಣಿಗಳು ಒಳಗಿನಿಂದ ತಿಂದು ಹೋಗಿದ್ದವು. ಕ್ಯಾನ್ಸರ್ ಇರಬಹುದು ಎಂದರು, ಕ್ಷಯ ಇರಬಹುದು ಎಂದರು. ಎರಡೂ ಅಲ್ಲ ಎಂದಾದ ಮೇಲೆ ಉದ್ದನೆಯ ಸೂಜಿ ಇಳಿಸಿ ಮೂಳೆಯ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಆರನೆಯ ದಿನ ಅಲ್ಲಿಯ ಬಟ್ಟಲಲ್ಲಿ ಏನೋ ಬೆಳೆಯಿತು.

ಸೋಂಕುರೋಗದ ವೈದ್ಯೆ ಕಿತೇರಿಯಾ ಅಂತ, ಬೆಟ್ಟದ ಕಡೆಯವರು, ಮೂವತ್ತೈದರ ಹುಡುಗಿ. ಅವರು ಹೇಳಲು ಬಂದಾಗ ಜುಲ್ಮೀರಾ ನನ್ನನ್ನು ಎದ್ದು ಹೋಗಲು ಬಿಡಲಿಲ್ಲ. "ಕೂತ್ಕೋ. ಡಾಕ್ಟ್ರ ಮಾತು ಒಂದು ತಲೆಗೆ ಹಿಡಿಯಲ್ಲ. ಅರ್ಧ ನಾನು ನೆನಪಿಟ್ಕೋತೀನಿ, ಅರ್ಧ ನೀನು," ಎಂದರು.

"ಬೂಷ್ಟು, ದೋನಾ ಜುಲ್ಮೀರಾ," ಎಂದು ಗೌರವದಿಂದಲೇ ಕರೆದು ಹೇಳಿದರು ಕಿತೇರಿಯಾ. "ನಿಮ್ಮ ಮೂಳೆಯೊಳಗೆ ಬೂಷ್ಟು ಬೆಳೆದಿದೆ."

"ರೊಟ್ಟಿ ಮೇಲೆ ಬರುತ್ತಲ್ಲ, ಅದಾ?"

"ಅದರ ನೆಂಟ. ಇದರ ಬೀಜ ಗಾಳೀಲಿ ಎಲ್ಲ ಕಡೆ ಇರುತ್ತೆ. ಹಳೇ ಹುಲ್ಲಲ್ಲಿ, ಗೊಬ್ಬರದಲ್ಲಿ, ಧೂಳಲ್ಲಿ. ನಾನೂ ಉಸಿರಾಡ್ತೀನಿ, ಇವ್ರೂ ಉಸಿರಾಡ್ತಾರೆ. ನಮ್ಮ ಮೈಯ ಕಾವಲಿನವರು ಅದನ್ನ ಬಾಗಿಲಲ್ಲೇ ಮುಗಿಸ್ತಾರೆ. ನಿಮ್ಮ ಕಾವಲಿನವರಿಗೆ ನಾವೇ ಮದ್ದು ಕೊಟ್ಟು ಮಲಗ್ಸಿದೀವಿ, ತಂಗಿ ಕಿಡ್ನೀನ ಹೊರಗಿನದು ಅಂತ ಮೇಲೆ ಬೀಳದಿರಲಿ ಅಂತ."

ಜುಲ್ಮೀರಾ ಅದನ್ನು ತಮ್ಮ ಮಾತಿಗೆ ತಂದುಕೊಂಡರು. "ನೆಂಟರು ಬಂದಿದಾರೆ ಅಂತ ನಾಯಿ ಕಟ್ಟಿ ಹಾಕಿದ್ವಿ. ಕಳ್ಳ ನುಗ್ಗಿದ."

"ಹಾಗೇ."

"ಈಗ ನಾಯಿ ಬಿಚ್ಚಿದ್ರೆ?"

"ಕಳ್ಳನ್ನ ಕಚ್ಚುತ್ತೆ. ನೆಂಟರನ್ನೂ ಕಚ್ಚಬಹುದು." ಕಿತೇರಿಯಾ ಮಾತಿಗೆ ಸಕ್ಕರೆ ಸವರುವವರಲ್ಲ. "ಪೂರ್ತಿ ಬಿಚ್ಚಲ್ಲ, ಹಗ್ಗ ಸ್ವಲ್ಪ ಸಡಿಲ ಮಾಡ್ತೀವಿ. ಬೂಷ್ಟಿಗೆ ಹಳೇ ಔಷಧಿ ಒಂದಿದೆ, ಅದು ಕಿಡ್ನೀನೇ ಸುಡುತ್ತೆ. ಹೊಸದೊಂದಿದೆ, ಅದು ನಿಮ್ಮ ಕಿಡ್ನಿ ಮಾತ್ರೆ ಜೊತೆ ಜಗಳ ಆಡುತ್ತೆ. ಹೊಸದನ್ನೇ ಕೊಡ್ತೀವಿ, ವಾರ ವಾರ ರಕ್ತ ನೋಡಿ ಅಳತೆ ಬದಲಿಸ್ತೀವಿ. ಒಂದು ವರ್ಷ, ಹೆಚ್ಚೂ ಆಗಬಹುದು. ಬೆನ್ನು ಉಳೀಬಹುದು. ಕಿಡ್ನಿ... ಹೋಗಲೂಬಹುದು. ಎರಡನ್ನೂ ಉಳಿಸೋಕೆ ನೋಡ್ತೀನಿ. ಮಾತು ಕೊಡಲ್ಲ."

"ಬೆನ್ನು ಹಾಗೇ ಬಿಟ್ರೆ?"

"ಕಾಲು ಹೋಗುತ್ತೆ. ಆಮೇಲೆ ನೀವೂ."

ಜುಲ್ಮೀರಾ ಬೂಷ್ಟನ್ನು ನೋಡಬೇಕೆಂದರು. ಬಟ್ಟಲನ್ನು ಹೊರಗೆ ತರುವ ಹಾಗಿಲ್ಲವೆಂದು ಕಿತೇರಿಯಾ ಫೋನಿನಲ್ಲಿ ಚಿತ್ರ ತೋರಿಸಿದರು. ಬೂದಿ ಬೆರೆತ ನೀಲಿಹಸಿರು, ಅಂಚಿಗೆ ಬಿಳಿ ನೂಲಿನ ಹಾಗೆ. ಜುಲ್ಮೀರಾ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಮಂಜು ಬಿದ್ದ ದಿನ ಕಡಲು ಹೀಗೇ ಇರುತ್ತೆ," ಎಂದರು. ಮುಖದಲ್ಲಿ ಭಯವಿರಲಿಲ್ಲ. ಭಯ ಬಂದದ್ದು ಆಮೇಲೆ, ಕಿತೇರಿಯಾ ಹೋದ ಮೇಲೆ. ನನ್ನ ತೋಳು ಹಿಡಿದರು. "ಇದಲೀನಾಗೆ ಬೂಷ್ಟಿನ ವಿಷಯ ಹೇಳ್ತೀನಿ. ಕಿಡ್ನಿ ವಿಷಯ ಹೇಳಲ್ಲ. ನಿನ್ನ ಬಾಯೀನೂ ಮುಚ್ಚಿರಲಿ."

"ದೋನಾ ಜುಲ್ಮೀರಾ, ಅವಳಿಗೆ ಗೊತ್ತಾಗದೇ ಇರುತ್ತಾ?"

"ಗೊತ್ತಾದಾಗ ಆಗ್ಲಿ. ಹೊಟ್ಟೆ ಸೀಳಿಸ್ಕೊಂಡು ಕೊಟ್ಟಿದಾಳೆ. ನಾನು ಬೂಷ್ಟಿಗೆ ಬಲಿ ಕೊಡ್ತೀನಿ ಅಂತ ಹೇಗೆ ಹೇಳ್ಲಿ?"

ಶಸ್ತ್ರಚಿಕಿತ್ಸೆಯಲ್ಲಿ ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಮೇಲಿನ ಕೆಳಗಿನ ಮಣಿಗಳನ್ನು ಲೋಹದ ಕಂಬಿಗಳಿಂದ ಬಿಗಿದರು. ಮರುದಿನದಿಂದ ಹೊಸ ಔಷಧಿ ನರದ ಮೂಲಕ ಹನಿಯತೊಡಗಿತು.

ಆಮೇಲಿನ ದಿನಗಳ ಬಗ್ಗೆ ಜುಲ್ಮೀರಾ ಎಷ್ಟು ಸಲ ಹೇಳಿದ್ದಾರೆಂದರೆ, ನಾನೇ ಅವರ ಮಂಚದಲ್ಲಿ ಮಲಗಿ ಕಂಡೆನೇನೋ ಅನ್ನಿಸುತ್ತದೆ. ಮೊದಲ ಹನಿಗಳು ಇಳಿದು ಅರ್ಧ ಗಂಟೆಗೆ ಎದುರಿನ ಬಿಳಿ ಗೋಡೆಗೆ ತೆಳು ನೇರಳೆ ಬಣ್ಣ ಬಂತು. ಆಮೇಲೆ ಗೋಡೆ ಉಸಿರಾಡಿತು. ಕಿಟಕಿಯ ಬೆಳಕಿನ ಅಂಚಿಗೆ ಹಳದಿ, ಹಸಿರು, ಮತ್ತೆ ಹಳದಿ. ನರ್ಸ್ ನಡೆದು ಹೋದರೆ ಅವಳ ಹಿಂದೆ ಅವಳಂಥ ಇನ್ನೂ ಮೂರು ಮಂದಿ ತೆಳ್ಳಗೆ ಹಿಂಬಾಲಿಸಿದರು. ಹೊದಿಕೆಯ ಮಡಿಕೆಗಳು ಉಪ್ಪಿನ ಸಾಲುಗಳಾದವು. ಕೊಠಡಿಯ ನೆಲದ ಮೇಲೆ ನೀರು ನಿಂತಿತು, ತೆಳುವಾಗಿ, ಬೆರಳಿನ ಒಂದು ಗೆಣ್ಣು ಮಾತ್ರ ಮುಳುಗುವಷ್ಟು, ಆಕಾಶವನ್ನೆಲ್ಲ ಒಳಗಿಟ್ಟುಕೊಂಡು.

ಮೂರನೆಯ ದಿನ ಮಧ್ಯಾಹ್ನ ಅಪ್ಪ ಬಂದರಂತೆ. ಮೊಣಕಾಲ ಮೇಲೆ ಮಡಚಿದ ಪ್ಯಾಂಟು, ತಲೆಗೆ ಹಳೆಯ ಕರಿ ಟೊಪ್ಪಿಗೆ. ನೀರನ್ನು ಕಲಕದ ಹಾಗೆ ಮಂಚಗಳ ನಡುವೆ ನಡೆದು ಬಂದು, ಕುಕ್ಕುರುಗಾಲಲ್ಲಿ ಕೂತು, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಉಪ್ಪು ಕಟ್ಟಿತೇ ಎಂದು ಅವರು ಬದುಕಿದ್ದಾಗ ಪರೀಕ್ಷಿಸುತ್ತಿದ್ದದ್ದು ಹೀಗೆಯೇ.

"ಆಯ್ತಾ ಅಪ್ಪ?" ಎಂದರು ಜುಲ್ಮೀರಾ.

"ಇನ್ನೂ ಇಲ್ಲ ಮಗಾ. ಇನ್ನೆರಡು ಬಿಸಿಲು ಬೇಕು."

ಮರುದಿನವೂ ಬಂದರು. ಅದರ ಮರುದಿನವೂ. ಜುಲ್ಮೀರಾ ಯಾರಿಗೂ ಹೇಳಲಿಲ್ಲ. ನೋವು ಇತ್ತು, ಆದರೆ ಆ ನೀರಿನ ಆಚೆ ದಡದಲ್ಲಿತ್ತು. ನಾನು ನೋಡಲು ಹೋದ ದಿನ ಮಂಚದ ಪಕ್ಕ ಕಾಲಿಡಲು ಹೋದಾಗ, "ಬದು ಮೇಲೆ ಬಾ, ಆಗರ ತುಳೀಬೇಡ!" ಎಂದು ಗದರಿದರು. ನಾನು ಹೆದರಿ ಕಿತೇರಿಯಾ ಅವರಿಗೆ ಹೇಳಿಬಿಟ್ಟೆ. ಅವರು ಆಗಲೇ ರಕ್ತ ತೆಗೆಸಿದರು. ಔಷಧಿಯ ಮಟ್ಟ ಬೇಕಾದದ್ದಕ್ಕಿಂತ ಎರಡು ಪಾಲು ಏರಿತ್ತು. ಅಳತೆ ಇಳಿಸಿದರು. ಎರಡು ದಿನದಲ್ಲಿ ನೆಲ ನೆಲವಾಯಿತು, ಗೋಡೆ ಗೋಡೆಯಾಯಿತು.

"ಅಪ್ಪನ್ನ ಬರದ ಹಾಗೆ ಮಾಡಿಬಿಟ್ರಾ ಡಾಕ್ಟ್ರೇ?" ಎಂದು ಕೇಳಿದರು ಜುಲ್ಮೀರಾ.

ಕಿತೇರಿಯಾ ಮಂಚದ ಅಂಚಿನಲ್ಲಿ ಕೂತರು. "ನನ್ನ ಅಜ್ಜೀನೂ ಹೀಗೆ ಬರೋ ಹಾಗಿದ್ರೆ ನಾನೂ ಒಂದು ಗುಳಿಗೆ ನುಂಗ್ತಿದ್ದೆ," ಎಂದರು. "ಆದ್ರೆ ಈ ಮಟ್ಟದಲ್ಲಿ ಬಿಟ್ರೆ ನಿಮ್ಮ ಲಿವರ್ ಹೋಗುತ್ತೆ. ಏನ್ ಕಂಡ್ರೂ ನಂಗೆ ಹೇಳ್ಬೇಕು. ಚೆಂದ ಇದ್ರೂ ಹೇಳ್ಬೇಕು."

ಆರು ವಾರಕ್ಕೆ ಮನೆಗೆ ಬಂದರು. ಎದೆಯಿಂದ ಸೊಂಟದವರೆಗೆ ಗಟ್ಟಿ ಪಟ್ಟಿ. ದಿನಕ್ಕೆರಡು ಸಲ ಗುಳಿಗೆ, ಖಾಲಿ ಹೊಟ್ಟೆಗೆ. ಮತ್ತೊಂದು ಕಟ್ಟುನಿಟ್ಟು ಇತ್ತು, ಅದು ಅವರನ್ನು ಎಲ್ಲದಕ್ಕಿಂತ ಹೆಚ್ಚು ಕಾಡಿತು. ಆ ಔಷಧಿ ತಿನ್ನುವವರು ಬಿಸಿಲಿಗೆ ಹೋಗಬಾರದು. ಹೋದರೆ ಚರ್ಮ ಸುಡುತ್ತದೆ, ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ಆಗರದವರಿಗೆ ಬಿಸಿಲೇ ದೇವರು, ಬಿಸಿಲೇ ಕೂಲಿಯಾಳು. ಜುಲ್ಮೀರಾ ಹಗಲೆಲ್ಲ ಕಿಟಕಿ ಮುಚ್ಚಿ ಒಳಗೆ ಕೂತರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವರ ಆಗರದಲ್ಲಿ ಪಾಚಿ ಎದ್ದಿತು. ಉಪ್ಪಿನ ಕೆಳಗೆ ಒಂದು ಜೀವಂತ ಚರ್ಮದಂಥ ಪದರ ಇರುತ್ತದೆ, ಅದನ್ನು ನೋಡಿಕೊಳ್ಳದಿದ್ದರೆ ಹರಿದು ಹೋಗುತ್ತದೆ, ಆಮೇಲೆ ಉಪ್ಪು ಮಣ್ಣು ಬೆರೆತು ಕಂದಾಗುತ್ತದೆ. ಅದೆಲ್ಲ ಆಗುವುದನ್ನು ಅವರು ಮುಚ್ಚಿದ ಕಿಟಕಿಯ ಸಂದಿನಿಂದ ನೋಡಿದರು.

ವಾರಕ್ಕೊಮ್ಮೆ ನನ್ನ ವ್ಯಾನು. ಏಳಕ್ಕೆ ಗುಳಿಗೆ ನುಂಗಿ, ಉದ್ದ ತೋಳಿನ ಅಂಗಿ, ಕೈಗವಸು, ಅಗಲ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ದೊಡ್ಡ ಭ್ರಮೆಗಳು ಹೋಗಿದ್ದರೂ ಗುಳಿಗೆ ನುಂಗಿದ ಮೇಲೆ ಒಂದು ಗಂಟೆ ಕಣ್ಣಿಗೆ ಸಣ್ಣ ಹೊಳಪು ಉಳಿಯುತ್ತಿತ್ತು. ಆ ಒಂದು ಗಂಟೆ ಸರಿಯಾಗಿ ನಾವು ಭತ್ತದ ಬಯಲು ದಾಟುವ ಹೊತ್ತು.

"ಈಗ ಶುರು," ಎನ್ನುತ್ತಿದ್ದರು.

ನಾನು ವೇಗ ಇಳಿಸುತ್ತಿದ್ದೆ. ಹಿಂದಿನ ಸೀಟಿನ ಮಿಕ್ಕವರು ಗೊರಕೆ ಹೊಡೆಯುತ್ತಿದ್ದರು. ಮಂಜಿನೊಳಗಿಂದ ವಿದ್ಯುತ್ ಕಂಬಗಳು ಒಂದೊಂದಾಗಿ ಬರುತ್ತಿದ್ದವು, ಪ್ರತಿ ಕಂಬದ ತುದಿಗೂ ಕೊಕ್ಕರೆಯ ಗೂಡು. ನನಗೆ ಕಾಣುತ್ತಿದ್ದದ್ದು ಅಷ್ಟೇ. ಅವರು ಮಾತ್ರ ಕೊಕ್ಕರೆಯ ರೆಕ್ಕೆಯ ಅಂಚಿನಲ್ಲಿ ತಾಮ್ರದ ಗೆರೆ ಇದೆ ಎನ್ನುತ್ತಿದ್ದರು. ಭತ್ತದ ನೀರಿನಲ್ಲಿ ಇನ್ನೊಂದು ಬಯಲು ತಲೆಕೆಳಗಾಗಿ ನಿಂತಿದೆ, ಅಲ್ಲಿ ಮಂಜು ಗುಲಾಬಿ ಬಣ್ಣದ್ದು, ನಮ್ಮ ವ್ಯಾನಿನಂಥದ್ದೇ ಒಂದು ವ್ಯಾನು ಅಲ್ಲೂ ಹೋಗುತ್ತಿದೆ, ಅದರಲ್ಲಿ ಯಾರಿಗೂ ಕಾಯಿಲೆಯಿಲ್ಲ ಎನ್ನುತ್ತಿದ್ದರು. ಹೇಳುವಾಗ ಧ್ವನಿ ತಗ್ಗುತ್ತಿತ್ತು. ಎಷ್ಟೋ ಸಲ ನನಗೂ ಆ ಇನ್ನೊಂದು ವ್ಯಾನು ಕಂಡಂತಾಗಿ, ರಸ್ತೆಯ ಮೇಲೆ ಕಣ್ಣು ನೆಡಲು ಕಷ್ಟಪಟ್ಟಿದ್ದೇನೆ. ಕೊಯಿಂಬ್ರಾದ ದಿಬ್ಬ ಏರುವ ಹೊತ್ತಿಗೆ ಅವರು, "ಮುಗೀತು," ಎಂದು ಕಣ್ಣುಜ್ಜಿಕೊಳ್ಳುತ್ತಿದ್ದರು. ಎಲ್ಲರೂ ಇಳಿಯುತ್ತಿದ್ದರು.

ಐದನೆಯ ತಿಂಗಳಲ್ಲಿ, ಕಿಡ್ನಿ ಸೋಲುತ್ತಿದ್ದರೆ ರಕ್ತದಲ್ಲಿ ಏರುವ ಅಂಕಿ ಏರತೊಡಗಿತು. ಮೊದಲು ಸ್ವಲ್ಪ, ಮುಂದಿನ ವಾರ ಇನ್ನಷ್ಟು. ಮೈ ಆ ಕಿಡ್ನಿಯನ್ನು ಗುರುತು ಹಿಡಿದು ಗುರುಗುಟ್ಟಲು ಶುರು ಮಾಡಿತ್ತು. ಮಾಮೂಲಿಯಾಗಿ ಇಂಥ ಹೊತ್ತಿನಲ್ಲಿ ಕೊಡುವ ಜೋರು ಮದ್ದು ಕೊಟ್ಟರೆ ಬೂಷ್ಟು ಮತ್ತೆ ತಲೆ ಎತ್ತುತ್ತದೆ. ಕೊಡದಿದ್ದರೆ ಕಿಡ್ನಿ ಹೋಗುತ್ತದೆ. ಕಿತೇರಿಯಾ ಮತ್ತು ಕಿಡ್ನಿ ವೈದ್ಯರು ಕೂತು ಚರ್ಚಿಸಿ, ಕಾವಲಿನವರನ್ನು ಮಲಗಿಸುವ ಮಾತ್ರೆಯನ್ನು ಕೂದಲೆಳೆಯಷ್ಟು ಏರಿಸಿ ಕಾಯೋಣ ಎಂದರು.

ಮರುದಿನ ಬೆಳಿಗ್ಗೆ ನಮ್ಮ ದಳದ ಅಂಗಳಕ್ಕೆ ಇದಲೀನಾ ಬಂದಳು. ಏಪ್ರನ್ನಿನ ಮೇಲೆ ಮೀನಿನ ಪೊರೆ, ಕೈಯಲ್ಲಿ ಇನ್ನೂ ಚಾಕು.

"ಏ ಬೆಂಕಿ ಆರಿಸೋನೇ, ಇಳಿ ಕೆಳಗೆ."

ಇಳಿದೆ.

"ಅಕ್ಕ ನನ್ನ ಹತ್ರ ಏನೋ ಬಚ್ಚಿಡ್ತಿದಾಳೆ. ಏನದು?"

"ಏನಿಲ್ವಲ್ಲ."

"ನಿನ್ನೆ ನನ್ನ ಕಿಡ್ನಿ ಹೇಗಿದೆ ಅಂದೆ. 'ಚೆನ್ನಾಗಿದೆ' ಅಂದ್ಲು. ಇಷ್ಟು ವರ್ಷದಲ್ಲಿ ಒಂದು ದಿನ ಚೆನ್ನಾಗಿದೆ ಅಂದಿದ್ಲಾ ಅವಳು? ನನ್ನ ಬೈದೇ ಫೋನ್ ಇಡೋಳು. ಈಗ ನಯವಾಗಿ ಮಾತಾಡ್ತಾಳೆ. ಸಾಯೋರು ಮಾತ್ರ ಹಾಗೆ ಮಾತಾಡೋದು."

"ಇದಲೀನಾ, ನನ್ನ ಬಾಯಿಂದ ಬರಬಾರದು ಅದು."

"ಬಾಯಿ ಬೇಡ ಬಿಡು. ನಿನ್ನ ಮುಖ ಸಾಕು." ನನ್ನ ಮುಖವನ್ನು ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿದಳು. ನೋಡಿ ತಿರುಗಿ ಹೋದಳು.

ಎರಡು ವಾರ ಫೋನ್ ಬರಲಿಲ್ಲವಂತೆ. ಜುಲ್ಮೀರಾ ವ್ಯಾನಿನಲ್ಲಿ ಬಣ್ಣಗಳ ಮಾತೆತ್ತಲಿಲ್ಲ. ಗುಳಿಗೆ ನುಂಗಿದ ಮೇಲೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಮೂರನೆಯ ವಾರ ನಾನು ಲಾವುಸ್‌ಗೆ ಹೋದಾಗ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಇದಲೀನಾ ಹಬ್ಬದ ಕೋಟು ಹಾಕಿದ್ದಳು. ಅಕ್ಕನನ್ನು ಹಿಂದೆ ಕೂರಿಸಿ, ತಾನು ಮುಂದೆ ನನ್ನ ಪಕ್ಕ ಕೂತು, ನೇರ ರಸ್ತೆ ನೋಡುತ್ತಾ ಮಾತು ಶುರು ಮಾಡಿದಳು.

"ಅಬೀಲಿಯು, ಹಿಂದೆ ಕೂತಿರೋ ಹೆಂಗಸಿಗೆ ಹೇಳು. ನಾನು ಮೀನು ಮಾರೋಳು. ಮಾರಿದ ಮೇಲೆ ಗಿರಾಕಿ ಅದನ್ನ ಸುಟ್ಟು ತಿಂತಾನೋ, ಸಾರು ಮಾಡ್ತಾನೋ, ಬೆಕ್ಕಿಗೆ ಹಾಕ್ತಾನೋ, ಹಿಂದೆ ಹೋಗಿ ಕೇಳಲ್ಲ ಅಂತ."

"ಅವಳಿಗೆ ಹೇಳಪ್ಪ," ಎಂದರು ಹಿಂದಿನಿಂದ, "ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳ್ತಿದ್ದಳಲ್ಲ ಅಂತ."

"ಮಾತಾಡ್ಸೋಕೆ ಏನಾದ್ರೂ ನೆಪ ಬೇಡ್ವಾ?" ಇದಲೀನಾ ಈಗ ನೇರವಾಗಿಯೇ ಹಿಂದೆ ತಿರುಗಿದಳು. "ಹೇಗಿದೀಯಕ್ಕ ಅಂತ ಕೇಳಿದ್ರೆ ನೀನು ಯಾವತ್ತು ನಿಜ ಹೇಳಿದೀಯಾ? ಬೆನ್ನು ಕೊಳೀತಿದ್ರೂ ಇಟ್ಟಿಗೆ ಕಾಯಿಸ್ಕೊಂಡು ಕೂತಿದ್ದೆ. ಕಿಡ್ನಿ ಅಂದ್ರೆ ಬಾಯಿ ಬಿಡ್ತೀಯ ಅಂತ ಅದನ್ನ ಕೇಳ್ತಿದ್ದೆ. ಈಗ ಅದರಲ್ಲೂ ಸುಳ್ಳು."

ವ್ಯಾನು ಬಯಲಿಗಿಳಿಯಿತು. ಅವತ್ತು ಮಂಜು ಎಷ್ಟಿತ್ತೆಂದರೆ ಹೊಳೆಯೂ ಇಲ್ಲ, ದಂಡೆಯೂ ಇಲ್ಲ.

"ಹೋದ್ರೆ ಮತ್ತೆ ಯಂತ್ರಕ್ಕೆ ಕೂರ್ತೀನಿ," ಎಂದರು ಜುಲ್ಮೀರಾ, ಮೆಲ್ಲಗೆ.

"ಕೂರು. ನಾನೂ ಪಕ್ಕದಲ್ಲಿ ಕೂತು ಸ್ವೆಟರ್ ಹೆಣೀತೀನಿ."

"ನಿಂಗೆ ಹೆಣಿಗೆ ಬರಲ್ಲ."

"ಕಲೀತೀನಿ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ಕತ್ತೆಗೂ ಕಲಿಸಬಹುದು ಅಷ್ಟು ಹೊತ್ತಲ್ಲಿ."

ಹಿಂದಿನಿಂದ ಸಣ್ಣ ನಗು ಕೇಳಿತು. ಆಮೇಲೆ ಜುಲ್ಮೀರಾ, "ಈಗ ಶುರುವಾಯ್ತು," ಎಂದರು.

"ಏನು ಶುರು? ಎದೆನೋವಾ? ನಿಲ್ಸೋ ಗಾಡಿ!"

"ಇಲ್ಲ ಕಣೇ. ಔಷಧಿ. ಬಣ್ಣ ಕಾಣುತ್ತೆ."

ಇದಲೀನಾ ಅನುಮಾನದಿಂದ ಅಕ್ಕನನ್ನೇ ನೋಡಿದಳು. "ನನ್ನ ಮೇಲೂ ಕಾಣುತ್ತಾ?"

"ಹೂಂ. ತಲೆ ಸುತ್ತ ಹಸಿರು. ಮಧ್ಯೆ ಮಧ್ಯೆ ಕಪ್ಪು ಗೆರೆ."

"ಸಂತರ ತಲೆ ಸುತ್ತ ಇರುತ್ತಲ್ಲ, ಹಾಗಾ?"

"ಬಂಗುಡೆ ಬೆನ್ನಿನ ಹಾಗೆ."

ನಾನು ಗಾಡಿಯನ್ನು ನಿಜವಾಗಿಯೂ ಪಕ್ಕಕ್ಕೆ ನಿಲ್ಲಿಸಬೇಕಾಯಿತು. ನಗು ತಡೆದು ಗಾಡಿ ಓಡಿಸಲು ನನ್ನಿಂದಾಗಲಿಲ್ಲ. ಅಕ್ಕ ತಂಗಿ ಇಬ್ಬರೂ ನಗುನಗುತ್ತಲೇ ಯಾವಾಗ ಅಳತೊಡಗಿದರೋ ನನಗೆ ಗೊತ್ತಾಗಲಿಲ್ಲ. ನಾನು ಕೆಳಗಿಳಿದು ಚಕ್ರ ನೋಡುವವನ ಹಾಗೆ ಸ್ವಲ್ಪ ಹೊತ್ತು ಹೊರಗೆ ನಿಂತೆ. ಮಂಜಿನಲ್ಲಿ ಕೊಕ್ಕರೆಗಳು ಕೊಕ್ಕು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಆ ದಿನದ ಅಂಕಿ ಏರಿರಲಿಲ್ಲ. ಇಳಿದೂ ಇರಲಿಲ್ಲ. ಹನ್ನೊಂದು ವಾರ ಅದು ಅಲ್ಲೇ ತೂಗಾಡಿತು. ಇದಲೀನಾ ಪ್ರತಿ ವಾರ ಬಂದಳು, ಕಿತೇರಿಯಾ ಅವರಿಗೆ ಕಾಗದದಲ್ಲಿ ಸುತ್ತಿದ ಬೂತಾಯಿ ಮೀನು ತಂದುಕೊಟ್ಟಳು, ಕೊಡುವಾಗಲೆಲ್ಲ "ಇದು ಲಂಚ" ಎಂದೇ ಹೇಳಿದಳು. ಕೊನೆಗೆ ಕಿಡ್ನಿ ಅರ್ಧ ಶಕ್ತಿಗೆ ಇಳಿದು ನಿಂತುಕೊಂಡಿತು. ಹೋಗಲಿಲ್ಲ. ಮೊದಲಿನಂತಾಗಲೂ ಇಲ್ಲ. ಜುಲ್ಮೀರಾ ಉಪ್ಪಿಲ್ಲದ ಸಾರು ತಿನ್ನಬೇಕಾಯಿತು. ಆಗರದವಳಿಗೆ ಈ ಶಿಕ್ಷೆ ಯಾವ ನ್ಯಾಯಾಧೀಶನಿಗೂ ಹೊಳೆಯುತ್ತಿರಲಿಲ್ಲ ಎಂದು ಊರವರೆಲ್ಲ ನಕ್ಕರು, ಅವರೂ ನಕ್ಕರು.

ಹದಿನಾಲ್ಕನೆಯ ತಿಂಗಳಲ್ಲಿ ತೆಗೆದ ಚಿತ್ರದಲ್ಲಿ ಆ ಎರಡು ಮಣಿಗಳು ಬೆಸೆದು ಒಂದೇ ಮೂಳೆಯಾಗಿದ್ದವು. ಬೂಷ್ಟಿನ ಸುಳಿವಿರಲಿಲ್ಲ. ಜುಲ್ಮೀರಾ ಎರಡು ಬೆರಳು ಗಿಡ್ಡವಾಗಿದ್ದರು. ಕಿತೇರಿಯಾ ಗುಳಿಗೆ ನಿಲ್ಲಿಸಿದರು, ಮೂರು ತಿಂಗಳಿಗೊಮ್ಮೆ ಬರಲು ಹೇಳಿದರು, ಮತ್ತೆ ಯಾವತ್ತೂ ಹಳೆಯ ಹುಲ್ಲು, ಗೊಬ್ಬರ, ಪಾಳುಬಿದ್ದ ಕಣಜಗಳ ಧೂಳಿಗೆ ಹೋಗಬಾರದು ಎಂದರು. ಎದ್ದು ಬಂದು ಜುಲ್ಮೀರಾ ಅವರ ಎರಡೂ ಕೆನ್ನೆಗೆ ಮುತ್ತಿಟ್ಟರು. ಆ ಮೇಲಿನ ವಾರಗಳಲ್ಲಿ ಬೇರೆ ರೋಗಿಗಳನ್ನು ಕೂರಿಸಿಕೊಂಡು ಬಯಲು ದಾಟುವಾಗ ನನಗೆ ಏನೋ ಕಳೆದುಕೊಂಡಂತಿತ್ತು. ಮಂಜು ಬರೀ ಮಂಜಾಗಿತ್ತು.

ಗೋರುಮಣೆ ಎಳೆಯಲು ಆ ಬೆನ್ನಿಗೆ ಇನ್ನು ಆಗುತ್ತಿರಲಿಲ್ಲ. ಒಳನಾಡಿನಿಂದ ಬಂದ ಯುವ ದಂಪತಿಗಳಿಗೆ ಆಗರ ಬಿಟ್ಟುಕೊಟ್ಟರು. ಅವನು ಲೆಕ್ಕದ ಮೇಷ್ಟರಾಗಿದ್ದವನು, ಅವಳು ಹೊಲಿಗೆಯವಳು. ಉಪ್ಪೆಂದರೆ ಅಂಗಡಿಯಲ್ಲಿ ಸಿಗುವುದು ಎಂಬಷ್ಟೇ ಗೊತ್ತಿದ್ದವರು. ಜುಲ್ಮೀರಾ, ಬಿಸಿಲಿಗೆ ಹೆದರುವ ರೂಢಿ ಇನ್ನೂ ಬಿಡದೆ, ಸಂಜೆ ಬಿಸಿಲು ಇಳಿಯುತ್ತಿದ್ದಂತೆ ದೊಡ್ಡ ಕಪ್ಪು ಕೊಡೆ ಹಿಡಿದು ಬದುವಿನ ಮೇಲೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. "ಕೆರೀಬೇಡಪ್ಪಾ ಮೇಷ್ಟ್ರೇ, ಹಗುರಾಗಿ ಎಳೀ. ಕೆಳಗಿನ ಚರ್ಮ ಹರಿದ್ರೆ ವರ್ಷಗಟ್ಟಲೆ ಬೇಕು ಮತ್ತೆ ಕೂಡೋಕೆ," ಎಂದು ಕೂಗುತ್ತಾರೆ. ಮೊದಲ ವರ್ಷ ಕಂದು ಉಪ್ಪು ಬಂತು. ಎರಡನೆಯ ವರ್ಷ ಬೂದು. ಈ ಸಲದ್ದು ಬಿಳಿ ಎಂದು ಹೇಳಲು ಅಡ್ಡಿಯಿಲ್ಲ.

ನಾನು ನಿವೃತ್ತನಾಗಿ ಎರಡು ವರ್ಷವಾಯಿತು. ಕಳೆದ ಭಾನುವಾರ ಸೈಕಲ್ಲಿನಲ್ಲಿ ಲಾವುಸ್ ಕಡೆ ಹೋದೆ. ಅಂಗಳದಲ್ಲಿ ಇದಲೀನಾ ಹಾವುಮೀನು ಕತ್ತರಿಸುತ್ತಿದ್ದಳು. ಒಲೆಯ ಮೇಲೆ ಎರಡು ಪಾತ್ರೆಗಳಲ್ಲಿ ಸಾರು ಕುದಿಯುತ್ತಿತ್ತು, ಒಂದಕ್ಕೆ ಉಪ್ಪು ಹಾಕಿದ್ದು, ಒಂದಕ್ಕೆ ಹಾಕದ್ದು. ಜುಲ್ಮೀರಾ ಒಳಗಿನಿಂದ ಮೂರನೆಯ ತಟ್ಟೆ ತಂದು ಮೇಜಿನ ಮೇಲಿಟ್ಟು, ಯಾವ ಪಾತ್ರೆಯದು ಬೇಕು ಎಂದು ನನ್ನನ್ನು ಕೇಳಿದರು.